ಕಾರಣಮಾಲೆ
ಸರ್ ಮೋಕ್ಷಗುಂಡಂ ವಿಶ್ವೇಶ್ವರಯ್ಯನವರ ಜೀವಿತದ ಒಂದು ಎಳೆ

ಅಲಂಕಾರಶಾಸ್ತ್ರವನ್ನು ಅಭ್ಯಾಸ ಮಾಡಿದವರಿಗೆ ಕಾರಣಮಾಲೆ ಎಂಬ ಅಲಂಕಾರ ಅಪರಿಚಿತವಲ್ಲ. ಮೊದಲು ಹೇಳಿದ ವಸ್ತು ಎರಡನೆಯದಕ್ಕೆ ಕಾರಣವಾಗಿ, ಆ ಎರಡನೆಯದು ತಾನೇ ಮೂರನೆಯದಕ್ಕೆ ಕಾರಣವಾಗಿ, ಹೀಗೆ ಹೂವಿಗೆ ಹೂವು ಪೋಣಿಸಿದಂತೆ ಕಾರ್ಯಕಾರಣಗಳು ಸಾಗಿದರೆ ಅದು ಕಾರಣಮಾಲೆ. ಮಮ್ಮಟನು ಕಾವ್ಯಪ್ರಕಾಶದಲ್ಲಿ ಇದಕ್ಕೆ ಲಕ್ಷಣ ಹೇಳಿದ್ದಾನೆ. ವಿದ್ಯೆಯಿಂದ ಹೊರಟು ಮೆಟ್ಟಿಲು ಮೆಟ್ಟಿಲಾಗಿ ಸುಖದವರೆಗೆ ಏರುವ ಸುಪ್ರಸಿದ್ಧ ಸುಭಾಷಿತವೊಂದನ್ನು ಇದರ ಉದಾಹರಣೆಯಾಗಿ ಪಾಠಶಾಲೆಗಳಲ್ಲಿ ಹೇಳಿಕೊಡುವ ರೂಢಿಯುಂಟು. ಇಲ್ಲಿ ಚಮತ್ಕಾರವಿರುವುದು ಯಾವ ಒಂದು ಕೊಂಡಿಯಲ್ಲಿಯೂ ಅಲ್ಲ. ಕಾರ್ಯವೇ ಮತ್ತೆ ಕಾರಣವಾಗಿ ಹೊರಳುವ ಆ ಹೊರಳಿನಲ್ಲಿ.

ಕವಿಗಳು ಮಾತಿನಲ್ಲಿ ಕಂಡ ಈ ಕ್ರಮವನ್ನು ವಿಜ್ಞಾನಿಗಳು ವಸ್ತುಪ್ರಪಂಚದಲ್ಲಿ ಕಂಡದ್ದು ಬಹು ಈಚೆಗೆ. ಜರ್ಮನಿಯ ರಸಾಯನ ವಿಜ್ಞಾನಿ ಮ್ಯಾಕ್ಸ್ ಬೋಡನ್‌ಸ್ಟೈನ್ 1913ರಲ್ಲಿ ಒಂದು ವಿಲಕ್ಷಣ ಸಂಗತಿಗೆ ವಿವರಣೆ ಹುಡುಕುತ್ತಿದ್ದನು. ಜಲಜನಕ ಮತ್ತು ಕ್ಲೋರಿನ್ ಅನಿಲಗಳ ಮಿಶ್ರಣಕ್ಕೆ ಬೆಳಕು ತಾಗಿದರೆ ಅವೆರಡೂ ಕೂಡುತ್ತವೆ; ಆದರೆ ತಾಗಿದ ಬೆಳಕು ಅತ್ಯಲ್ಪ, ಕೂಡುವ ಅಣುಗಳು ಲೆಕ್ಕವಿಲ್ಲದಷ್ಟು. ಒಂದು ಅಣುವಿನಲ್ಲಿ ನಡೆದ ಕ್ರಿಯೆ ಪಕ್ಕದ ಅಣುವನ್ನು ಪ್ರಚೋದಿಸಿ, ಅದು ಮತ್ತೊಂದನ್ನು ಪ್ರಚೋದಿಸುತ್ತ ಹೋಗುವುದೇ ಇದರ ಗುಟ್ಟೆಂದು ಆತನು ಊಹಿಸಿದನು. ಜರ್ಮನರು ಇದನ್ನು ಕೆಟ್ಟನ್‌ರೆಯಾಕ್ಟ್ಸಿಯೋನ್ ಎನ್ನುತ್ತಾರೆ. ಕೆಟ್ಟೆ ಎಂದರೆ ಸರಪಳಿ. ಕನ್ನಡದಲ್ಲಿ ಸರಪಳಿ ಕ್ರಿಯೆ ಎಂದು ಈ ಮಾತು ನೆಲೆನಿಂತಿದೆ. ಒಮ್ಮೆ ಆರಂಭವಾದ ಮೇಲೆ ಇಂಥ ಕ್ರಿಯೆ ಆರಂಭಿಸಿದವನ ಅಪ್ಪಣೆಗೆ ಕಾಯುವುದಿಲ್ಲವೆಂಬುದನ್ನು ಮುಂದೆ ಪರಮಾಣು ವಿಜ್ಞಾನ ಲೋಕಕ್ಕೆಲ್ಲ ಭಯಂಕರವಾಗಿ ತೋರಿಸಿಕೊಟ್ಟಿತು.

ಬೋಡನ್‌ಸ್ಟೈನ್ ತನ್ನ ಪ್ರಯೋಗಶಾಲೆಯಲ್ಲಿ ಈ ಲೆಕ್ಕದಲ್ಲಿ ಮುಳುಗಿದ್ದ ಅದೇ ವರ್ಷ ಶ್ರೀರಂಗಪಟ್ಟಣಕ್ಕೆ ಪಶ್ಚಿಮದಲ್ಲಿ, ಕಾವೇರಿಯ ದಡದ ಕನ್ನಂಬಾಡಿಯಲ್ಲಿ, ಸಾವಿರಾರು ಮಂದಿ ಕೂಲಿಕಾರರು ಗುದ್ದಲಿ ಬಾಂಡಲಿಗಳನ್ನು ಹಿಡಿದು ನದಿಯ ಪಾತ್ರವನ್ನು ಅಗೆಯುತ್ತಿದ್ದರು. ಅಲ್ಲಿ ಹೂಡಿದ ಒಂದು ಕೆಲಸ ಹೇಗೆ ಕೊಂಡಿಗೆ ಕೊಂಡಿ ಬೆಸೆಯುತ್ತ ಶ್ರೀರಂಗಪಟ್ಟಣ, ಪಾಂಡವಪುರ, ಕೃಷ್ಣರಾಜಪೇಟೆ, ನಾಗಮಂಗಲ ಸೀಮೆಗಳ ಬಾಳನ್ನು ಮಾರ್ಪಡಿಸಿತು, ಎಲ್ಲಿ ಬೆಳಕು ಕೊಟ್ಟಿತು, ಎಲ್ಲಿ ಸುಟ್ಟಿತು ಎಂಬುದನ್ನು ಅರಿಯಬೇಕಾದರೆ ಅದನ್ನು ಹೂಡಿದ ಮಹನೀಯರಾದ ಸರ್ ಎಂ. ವಿಶ್ವೇಶ್ವರಯ್ಯನವರ ಜೀವಿತವನ್ನು ಆ ದೃಷ್ಟಿಯಿಂದಲೇ ನೋಡಬೇಕು.

ಅವರ ಬಗೆಗೆ ಎಲ್ಲ ಶಾಲೆಗಳಲ್ಲಿಯೂ ಹೇಳುವ ಕಥೆಗಳು ಹಲವು. ಸರ್ಕಾರದ ಕೆಲಸಕ್ಕೆ ಒಂದು, ಸ್ವಂತದ ಕೆಲಸಕ್ಕೆ ಒಂದು ಎಂದು ಎರಡು ಮೇಣದ ಬತ್ತಿಗಳನ್ನು ಇಟ್ಟುಕೊಂಡಿದ್ದ ಕಥೆ, ದಿವಾನಗಿರಿಗೆ ಮುನ್ನ ನೆಂಟರನ್ನೆಲ್ಲ ಕರೆದು ಶಿಫಾರಸು ಕೇಳಕೂಡದೆಂದು ತಿಳಿಸಿದ ಕಥೆ, ಇಂಥವು. ನಡೆದಿರಲಿ, ನಡೆಯದಿರಲಿ, ಅವು ಆ ಪುರುಷನ ಸ್ವಭಾವಕ್ಕೆ ಒಪ್ಪುವಂಥವು. ಆದರೆ ಮೇಣದ ಬತ್ತಿಯ ಬೆಳಕಿನಲ್ಲಿಯೇ ನಿಂತುಬಿಟ್ಟರೆ ಕನ್ನಂಬಾಡಿಯ ತಳಪಾಯ ಕಾಣಿಸುವುದಿಲ್ಲ.

ವಿಶ್ವೇಶ್ವರಯ್ಯನವರು 1861ರ ಸೆಪ್ಟೆಂಬರ್ 15ರಂದು ಚಿಕ್ಕಬಳ್ಳಾಪುರದ ಬಳಿಯ ಮುದ್ದೇನಹಳ್ಳಿಯಲ್ಲಿ ಜನಿಸಿದರು. ತಂದೆ ಶ್ರೀನಿವಾಸ ಶಾಸ್ತ್ರಿಗಳು ಸಂಸ್ಕೃತ ವಿದ್ವಾಂಸರು, ತಾಯಿ ವೆಂಕಟಲಕ್ಷ್ಮಮ್ಮನವರು. ಪೂರ್ವಿಕರು ಆಂಧ್ರದ ಮೋಕ್ಷಗುಂಡದಿಂದ ಬಂದವರಾದುದರಿಂದ ಆ ಊರು ಹೆಸರಿನೊಡನೆ ಉಳಿಯಿತು. ಹದಿಹರೆಯದಲ್ಲಿಯೇ ತಂದೆಯನ್ನು ಕಳೆದುಕೊಂಡ ಹುಡುಗನು ಬೆಂಗಳೂರಿಗೆ ಬಂದು, ಮಕ್ಕಳಿಗೆ ಮನೆಪಾಠ ಹೇಳಿಕೊಡುತ್ತ ತಾನೂ ಓದಿದನು. ಅದೇ ಕಾಲಕ್ಕೆ, 1876ರಿಂದ 1878ರವರೆಗೆ, ಮೈಸೂರು ಸೀಮೆಯನ್ನು ಮಹಾಕ್ಷಾಮ ಕಾಡಿತು. ಸಂಸ್ಥಾನದ ಜನರಲ್ಲಿ ಐದರಲ್ಲೊಂದು ಪಾಲು ಆ ಕ್ಷಾಮದಲ್ಲಿ ಅಳಿದರೆಂದು ಲೆಕ್ಕ. ನೀರಿಲ್ಲದ ನೆಲ ಹೇಗೆ ಮನುಷ್ಯರನ್ನು ನುಂಗುತ್ತದೆಂಬುದು ಆ ತಲೆಮಾರಿನ ಯಾರೂ ಪುಸ್ತಕದಿಂದ ಕಲಿಯಬೇಕಾದ ಪಾಠವಾಗಿರಲಿಲ್ಲ.

ಸೆಂಟ್ರಲ್ ಕಾಲೇಜಿನಿಂದ 1881ರಲ್ಲಿ ಬಿ.ಎ. ಪದವಿ, ಅನಂತರ ಮೈಸೂರು ಸರ್ಕಾರದ ವಿದ್ಯಾರ್ಥಿವೇತನದಿಂದ ಪುಣೆಯಲ್ಲಿ ಎಂಜಿನಿಯರಿಂಗ್ ವ್ಯಾಸಂಗ, 1883ರ ಪರೀಕ್ಷೆಯಲ್ಲಿ ಪ್ರಥಮಸ್ಥಾನ, 1884ರಲ್ಲಿ ಮುಂಬಯಿ ಸರ್ಕಾರದ ಲೋಕೋಪಯೋಗಿ ಇಲಾಖೆಯಲ್ಲಿ ಉದ್ಯೋಗ. ಮುಂದಿನ ಕಾಲು ಶತಮಾನದ ಸೇವೆಯನ್ನು ಇಲ್ಲಿ ವಿಸ್ತರಿಸಬೇಕಾಗಿಲ್ಲ. ಸಿಂಧ್ ಪ್ರಾಂತದ ಸುಕ್ಕೂರಿನ ನೀರು ಸರಬರಾಜು, ಏಡನ್ನಿನ ನೀರು ಸರಬರಾಜಿನ ಯೋಜನೆ ಮೊದಲಾದವು ಪ್ರಸಿದ್ಧವಾಗಿಯೇ ಇವೆ. ಆದರೆ ಎರಡು ಸಂಗತಿಗಳು ಮುಂದಿನ ಕಥೆಗೆ ಬೀಜರೂಪವಾದುವು. ಪುಣೆಯ ಬಳಿಯ ಖಡಕ್‌ವಾಸ್ಲಾ ಜಲಾಶಯಕ್ಕೆ ಅವರು ಪ್ರವಾಹ ಬಂದಾಗ ತಾವಾಗಿಯೇ ತೆರೆದುಕೊಂಡು, ಇಳಿದಾಗ ತಾವಾಗಿಯೇ ಮುಚ್ಚಿಕೊಳ್ಳುವ ಬಾಗಿಲುಗಳನ್ನು ಅಳವಡಿಸಿ, ಕಟ್ಟೆಯನ್ನು ಎತ್ತರಿಸದೆಯೆ ಹೆಚ್ಚು ನೀರು ನಿಲ್ಲುವಂತೆ ಮಾಡಿದರು. ಇದು ಒಂದು. ದಖ್ಖನ್ನಿನ ನಾಲೆಗಳ ಬಯಲಿನಲ್ಲಿ ಕೆಲವರೇ ಕಬ್ಬು ಬೆಳೆದು ನೀರನ್ನೆಲ್ಲ ಸೆಳೆದುಕೊಂಡು, ನೆಲ ಜೌಗು ಹಿಡಿದು, ಕೊನೆಯಂಚಿನ ರೈತರಿಗೆ ನೀರು ಮುಟ್ಟದಿರುವುದನ್ನು ಕಂಡು, ಜಮೀನನ್ನು ಬ್ಲಾಕುಗಳಾಗಿ ವಿಂಗಡಿಸಿ ಸರದಿಯ ಮೇಲೆ ಬೆಳೆ ತೆಗೆಯುವ ಪದ್ಧತಿಯನ್ನು ರೂಪಿಸಿದರು. ಇದು ಎರಡನೆಯದು. ನೀರನ್ನು ಕೂಡಿಡುವುದು ಒಂದು ವಿದ್ಯೆಯಾದರೆ ಅದನ್ನು ಹಂಚುವುದು ಬೇರೊಂದು ವಿದ್ಯೆಯೆಂಬ ತಿಳಿವು ಅವರಿಗೆ ಆಗಲೇ ಮೂಡಿತ್ತು.

ಅವರು ಮುಂಬಯಿಯಲ್ಲಿ ದುಡಿಯುತ್ತಿದ್ದ ಕಾಲದಲ್ಲಿಯೇ ಮೈಸೂರಿನಲ್ಲಿ ಮಾಲೆಯ ಮೊದಲ ಹೂವು ಅರಳಿತ್ತು. ದಿವಾನ್ ಸರ್ ಕೆ. ಶೇಷಾದ್ರಿ ಅಯ್ಯರ್ ಅವರ ಸಾಹಸದ ಫಲವಾಗಿ 1902ರಲ್ಲಿ ಶಿವನಸಮುದ್ರದ ಜಲಪಾತದಿಂದ ವಿದ್ಯುತ್ತು ಉತ್ಪನ್ನವಾಗಿ, 92 ಮೈಲಿ ದೂರದ ಕೋಲಾರದ ಚಿನ್ನದ ಗಣಿಗಳಿಗೆ ತಂತಿಯ ಮೂಲಕ ಹರಿಯತೊಡಗಿತು. 1905ರಲ್ಲಿ ಬೆಂಗಳೂರಿನ ಬೀದಿಗಳಿಗೂ ಆ ದೀಪ ಬಂದಿತು. ಆದರೆ ಕಾವೇರಿ ವರ್ಷವಿಡೀ ಒಂದೇ ಸಮನೆ ಹರಿಯುವ ನದಿಯಲ್ಲ. ಬೇಸಗೆಯಲ್ಲಿ ಹೊಳೆ ಬತ್ತಿದರೆ ಯಂತ್ರಗಳು ಸೊರಗುತ್ತಿದ್ದುವು. ಯಂತ್ರಗಳು ಸೊರಗಿದರೆ ಗಣಿಗಳ ಕೆಲಸಕ್ಕೆ ಕುಂದು. ಗಣಿಗಳಿಗೆ ಕುಂದಾದರೆ ಸಂಸ್ಥಾನದ ಬೊಕ್ಕಸಕ್ಕೆ ನಷ್ಟ. ಗಣಿಯವರೋ ಇನ್ನೂ ಹೆಚ್ಚು ವಿದ್ಯುತ್ತನ್ನು ಕೇಳುತ್ತಿದ್ದರು. ಮಳೆಗಾಲದ ನೀರನ್ನು ಮೇಲ್ದಂಡೆಯಲ್ಲಿ ಎಲ್ಲಿಯಾದರೂ ತಡೆದು ಬೇಸಗೆಗೆ ಉಳಿಸಿಕೊಳ್ಳದೆ ಗತ್ಯಂತರವಿರಲಿಲ್ಲ. ಮಂಡ್ಯದ ಗದ್ದೆಗಳಿಗೆ ಅಮೃತವಾದ ಕನ್ನಂಬಾಡಿ ಕಟ್ಟೆಯ ಮೊದಲ ಪ್ರೇರಣೆ ರೈತನ ಬಾಯಾರಿಕೆಯಲ್ಲ, ಚಿನ್ನದ ಗಣಿಯ ಯಂತ್ರಗಳ ಬಾಯಾರಿಕೆ ಎಂಬ ಮಾತು ಕಿವಿಗೆ ಇಂಪಲ್ಲದಿರಬಹುದು. ಆದರೂ ನಿಜವನ್ನು ನಿಜವೆಂದೇ ಹೇಳಬೇಕು.

ಮುಂಬಯಿ ಸೇವೆಯಿಂದ ನಿವೃತ್ತರಾಗಿ, ಮೂಸೀ ನದಿಯ ಪ್ರವಾಹದಿಂದ ನೊಂದಿದ್ದ ಹೈದರಾಬಾದಿಗೆ ಸಲಹೆ ನೀಡುತ್ತಿದ್ದ ವಿಶ್ವೇಶ್ವರಯ್ಯನವರು 1909ರ ನವೆಂಬರ್‌ನಲ್ಲಿ ಮೈಸೂರಿನ ಚೀಫ್ ಎಂಜಿನಿಯರ್ ಆಗಿ ಬಂದರು. ಕನ್ನಂಬಾಡಿಯಲ್ಲಿ ಕಟ್ಟೆ ಹಾಕುವ ಆಲೋಚನೆ ಅವರಿಗಿಂತ ಮುಂಚಿನ ಎಂಜಿನಿಯರುಗಳಿಗೂ ಇತ್ತು. ಇವರು ಅದನ್ನು ಹಿಗ್ಗಿಸಿದರು. ಗಣಿಗೆ ಸಾಕಾಗುವಷ್ಟು ನೀರಿಗಾಗಿ ಒಂದು ಸಣ್ಣ ಕಟ್ಟೆ ಸಾಲದು. ಅದೇ ಗೋಡೆಯನ್ನು 124 ಅಡಿಗಳಿಗೆ ಎತ್ತರಿಸಿದರೆ ವಿದ್ಯುತ್ತಿಗೆ ಬಿಟ್ಟು ಮಿಕ್ಕ ನೀರಿನಿಂದ ಒಂದು ಲಕ್ಷ ಎಕರೆಗೂ ಮಿಗಿಲಾದ ನೆಲವನ್ನು ನೀರಾವರಿಗೆ ತರಬಹುದೆಂಬುದು ಅವರ ಲೆಕ್ಕ. ಒಂದೇ ಕಾರಣದಿಂದ ಎರಡು ಕಾರ್ಯ. ಅಂದಿನ ದಿವಾನರಾದ ಟಿ. ಆನಂದರಾಯರ ಸರ್ಕಾರ ವೆಚ್ಚಕ್ಕೆ ಹಿಂಜರಿಯಿತು. ಸಣ್ಣ ಸಂಸ್ಥಾನವೊಂದು ಅಷ್ಟು ಹಣವನ್ನು ಹೊಳೆಯಲ್ಲಿ ಹಾಕುವುದೇ ಎಂಬ ಆತಂಕ ಅಸಹಜವೇನೂ ಅಲ್ಲ. ಉತ್ತರ ಬಾರದೆ ಬೇಸತ್ತ ವಿಶ್ವೇಶ್ವರಯ್ಯನವರು ಹುದ್ದೆಯಲ್ಲಿ ಮುಂದುವರಿಯುವ ಉತ್ಸಾಹವನ್ನೇ ಕಳೆದುಕೊಂಡಿದ್ದಾಗ ನಾಲ್ವಡಿ ಕೃಷ್ಣರಾಜ ಒಡೆಯರು ಅವರನ್ನು ಕರೆಸಿಕೊಂಡು ಭರವಸೆಯಿತ್ತರು. 1911ರ ಅಕ್ಟೋಬರ್‌ನಲ್ಲಿ 81 ಲಕ್ಷ ರೂಪಾಯಿಗಳ ಮಂಜೂರಾತಿಯೊಡನೆ ಅಪ್ಪಣೆಯಾಯಿತು. ನವೆಂಬರ್‌ನಲ್ಲಿ ಕೆಲಸ ಹೂಡಿತು.

ಇಲ್ಲಿ ಬಂದುದು ಆ ಜೀವಿತದ ಅತ್ಯಂತ ಕಠಿನವಾದ ಘಟ್ಟ. ಕಾವೇರಿಯ ಕೆಳದಂಡೆಯಲ್ಲಿ ತಂಜಾವೂರಿನ ಪುರಾತನ ಗದ್ದೆಗಳಿದ್ದುವು. ಮದರಾಸು ಸರ್ಕಾರ ಮೇಟ್ಟೂರಿನಲ್ಲಿ ತಾನೇ ಒಂದು ದೊಡ್ಡ ಜಲಾಶಯ ಕಟ್ಟುವ ಯೋಚನೆಯಲ್ಲಿತ್ತು. ಮೈಸೂರಿಗೆ ಬೇಕಾಗಿದ್ದುದು 41.5 ಟಿ.ಎಂ.ಸಿ. ಸಂಗ್ರಹ. ಮದರಾಸಿನ ಆಕ್ಷೇಪಣೆಯಿಂದಾಗಿ ದೊರೆತ ಅನುಮತಿ ಕೇವಲ 11 ಟಿ.ಎಂ.ಸಿ.ಗೆ, ಎಂದರೆ ಸುಮಾರು 80 ಅಡಿ ಎತ್ತರದ ಕಟ್ಟೆಗೆ. ಕಲ್ಲುಕಟ್ಟಡದ ಮರ್ಮ ಬಲ್ಲವರಿಗೆ ಈ ತೊಡಕು ಒಡನೆ ಹೊಳೆಯುತ್ತದೆ. ಗೋಡೆಯ ಎತ್ತರ ಎಷ್ಟೋ ಅದಕ್ಕೆ ತಕ್ಕ ಅಗಲ ಬುಡಕ್ಕೆ ಬೇಕು. ಎಂಬತ್ತು ಅಡಿಗೆಂದು ಹಾಕಿದ ತಳಪಾಯದ ಮೇಲೆ ಮುಂದೊಂದು ದಿನ ನೂರಿಪ್ಪತ್ತನಾಲ್ಕು ಅಡಿ ಏರಿಸಲು ಬರುವುದಿಲ್ಲ. ನೀರಿನ ಒತ್ತಡ ಗೋಡೆಯನ್ನು ಉರುಳಿಸೀತು. ಹಾಗೆಂದು ಪೂರ್ಣ ಎತ್ತರದ ತಳಪಾಯ ಹಾಕಿ, ಪೂರ್ಣ ಎತ್ತರಕ್ಕೆ ಅನುಮತಿಯೇ ಬಾರದೆ ಹೋದರೆ? ಹೊಳೆಯ ತಳದಲ್ಲಿ ಹೂತ ಹಣ ಹೂತಂತೆಯೇ. ಪ್ರಜೆಗಳ ಕಂದಾಯದ ಹಣ ಅದು.

ವಿಶ್ವೇಶ್ವರಯ್ಯನವರು ಪೂರ್ಣ ಎತ್ತರದ ತಳಪಾಯವನ್ನೇ ಹಾಕಿಸಿದರು. ಅನುಮತಿಯ ಅಕ್ಷರವನ್ನು ಅವರು ಮೀರಲಿಲ್ಲ. ಗೋಡೆ ಆ ಮಟ್ಟದವರೆಗೆ ಮಾತ್ರ ಏರಬೇಕಾಗಿತ್ತು. ಆದರೆ ಬುಡ ಮುಂದಿನ ದಿನವನ್ನು ಕಾಯುತ್ತ ಅಗಲವಾಗಿಯೇ ಕುಳಿತಿತು. ಇದನ್ನು ದೂರದೃಷ್ಟಿಯೆಂದು ಕೊಂಡಾಡುವವರು ಬಹುಮಂದಿ. ಕೆಳದಂಡೆಯವರು ಇದನ್ನು ಜಾಣತನವೆಂದು ಕರೆದಿದ್ದರೂ ಆಶ್ಚರ್ಯವಿಲ್ಲ. ಎರಡರಲ್ಲಿಯೂ ಸತ್ಯಾಂಶವಿದೆ. ಪಂದ್ಯ ದೊಡ್ಡದಾಗಿತ್ತು, ಅದನ್ನು ಕಟ್ಟಿದವರಿಗೆ ಅದರ ಅರಿವಿತ್ತು ಎಂಬುದಷ್ಟೇ ನಿಸ್ಸಂದೇಹ. 1914ರಲ್ಲಿ ಮಧ್ಯಸ್ಥಗಾರರಾದ ಸರ್ ಹೆನ್ರಿ ಗ್ರಿಫಿನ್ ಅವರ ತೀರ್ಪು ಬಹುಮಟ್ಟಿಗೆ ಮೈಸೂರಿನ ಪರವಾಗಿ ಬಂದಿತಾದರೂ ಮದರಾಸು ಒಪ್ಪದೆ ಮೇಲ್ಮನವಿ ಮಾಡಿತು; ತೀರ್ಪು ನಿಲ್ಲಲಿಲ್ಲ. ಕಡೆಗೆ 1924ರ ಫೆಬ್ರವರಿ 18ರ ಒಪ್ಪಂದದಿಂದ 44.827 ಟಿ.ಎಂ.ಸಿ. ಸಂಗ್ರಹಕ್ಕೆ ಹಾದಿ ತೆರೆಯಿತು. ಹದಿಮೂರು ವರ್ಷ ಆ ಅಗಲವಾದ ಬುಡ ತನ್ನ ಗೋಡೆಗಾಗಿ ಕಾದಿತ್ತು.

ಕಟ್ಟಡದ ವಿವರಗಳು ಇಂದಿಗೂ ಬೆರಗು ಹುಟ್ಟಿಸುವಂಥವು. ಸುಮಾರು ಹತ್ತು ಸಾವಿರ ಮಂದಿ ದುಡಿದರು. ಸಿಮೆಂಟು ಅಂದು ನಮ್ಮ ದೇಶದಲ್ಲಿ ಹೆಚ್ಚಾಗಿ ತಯಾರಾಗುತ್ತಿರಲಿಲ್ಲ. ಸುಟ್ಟ ಇಟ್ಟಿಗೆಯ ಪುಡಿಯನ್ನು ಸುಣ್ಣದೊಡನೆ ಅರೆದ ಸುರ್ಕಿ ಗಾರೆಯಲ್ಲಿ 8,600 ಅಡಿ ಉದ್ದದ ಕಲ್ಲುಗೋಡೆ ಎದ್ದಿತು. ಗಣಿಗಳಿಗೆ ಕೊಟ್ಟ ಮಾತಿನ ಗಡುವಿಗೆ ಮೊದಲ ಹಂತವನ್ನು ಮುಟ್ಟಿಸಬೇಕಾಗಿದ್ದುದರಿಂದ ರಾತ್ರಿಯಲ್ಲಿಯೂ ದೀಪದ ಬೆಳಕಿನಲ್ಲಿ ಕೆಲಸ ಸಾಗಿತು. ಹೊಳೆಯ ಪ್ರವಾಹ ಒಂದು ಕಡೆ, ಚಳಿಜ್ವರ ಇನ್ನೊಂದು ಕಡೆ. ಖಡಕ್‌ವಾಸ್ಲಾದಲ್ಲಿ ಫಲಿಸಿದ್ದ ಸ್ವಯಂಚಾಲಿತ ಬಾಗಿಲುಗಳ ತತ್ತ್ವ ಇಲ್ಲಿಯೂ ಬಳಕೆಗೆ ಬಂದಿತು. ಅಡಿಪಾಯ ತೋಡುವಾಗ ಟಿಪ್ಪು ಸುಲ್ತಾನನ ಪಾರಸಿ ಶಾಸನವೊಂದು ದೊರೆಯಿತು. ಅದೇ ಸ್ಥಳದಲ್ಲಿ ಕಾವೇರಿಗೆ ಅಣೆ ಕಟ್ಟಲು ಆತನು ಸಂಕಲ್ಪಿಸಿದ್ದನೆಂದು ಅದರಿಂದ ತಿಳಿಯುತ್ತದೆ. ಶ್ರೀರಂಗಪಟ್ಟಣದ ಆಸುಪಾಸಿಗೆ ನಾಲೆ ಹೊಸತೇನೂ ಅಲ್ಲ. ಚಿಕ್ಕದೇವರಾಯ ಸಾಗರ ನಾಲೆ, ವಿರಿಜಾ ನಾಲೆ, ಬಂಗಾರದೊಡ್ಡಿ ನಾಲೆಗಳು ಶತಮಾನಗಳಿಂದ ಅಲ್ಲಿನ ಗದ್ದೆಗಳಿಗೆ ನೀರುಣಿಸುತ್ತಿದ್ದುವು. ಹಳೆಯ ಮಾಲೆಗೆ ಹೊಸ ದಾರ ಸೇರಿತೆಂದರೆ ತಪ್ಪಾಗದು.

ಕಟ್ಟೆ ಏರಿದಂತೆ ಅದರ ಬೆನ್ನಿನ ನೀರು ಹಿಂದಕ್ಕೆ ಹರಡಿತು. ಕಾವೇರಿ, ಹೇಮಾವತಿ, ಲಕ್ಷ್ಮಣತೀರ್ಥಗಳು ಕೂಡುವ ಜಾಗವೇ ಸಾಗರವಾಯಿತು. ಕೃಷ್ಣರಾಜಪೇಟೆಯ ಕಡೆ ಹೇಮಾವತಿಯ ಇಕ್ಕೆಲಗಳ ಹೊಲಗದ್ದೆಗಳು, ಪಾಂಡವಪುರದ ಕಡೆಯ ಊರುಗಳು, ಕನ್ನಂಬಾಡಿ ಎಂಬ ಮೂಲಗ್ರಾಮವೇ ನೀರಿನಡಿಗಾದುವು. ಐದರಿಂದ ಹತ್ತು ಸಾವಿರ ಮಂದಿ ಮನೆ ಕಳೆದುಕೊಂಡರು. ಸರ್ಕಾರ ಅವರಿಗೆ ಬೇರೆಡೆ ಜಮೀನು ಕೊಟ್ಟು ನೆಲೆಗೊಳಿಸಿತು. ಆದರೆ ಕುಲದೈವದ ಗುಡಿ, ಹಿರಿಯರ ಸಮಾಧಿ, ಊರ ಮುಂದಿನ ಅರಳಿಕಟ್ಟೆ ಇವುಗಳಿಗೆ ಪರಿಹಾರದ ದರವನ್ನು ಯಾವ ಎಂಜಿನಿಯರೂ ಗೊತ್ತುಪಡಿಸಲಾರನು. ಹೊಯ್ಸಳ ಶೈಲಿಯ ವೇಣುಗೋಪಾಲಸ್ವಾಮಿ ದೇವಾಲಯ ಮುಳುಗಿ, ಬರಗಾಲದಲ್ಲಿ ನೀರು ತಗ್ಗಿದಾಗ ಮಾತ್ರ ತಲೆಯೆತ್ತುತ್ತಿತ್ತು. ಬಹುಕಾಲದ ಮೇಲೆ, ಇಪ್ಪತ್ತೊಂದನೆಯ ಶತಮಾನದ ಆರಂಭದಲ್ಲಿ, ಅದರ ಕಲ್ಲುಗಳನ್ನು ಬಿಡಿಸಿ ತಂದು ಹೊಸ ಕನ್ನಂಬಾಡಿಯಲ್ಲಿ ಮರಳಿ ನಿಲ್ಲಿಸಲಾಯಿತು. ಕೆಳಗಿನವರಿಗೆ ಬೆಳೆಯಾದ ನೀರು ಮೇಲಿನವರಿಗೆ ಮುಳುಗಡೆಯಾಯಿತು.

ಈ ನಡುವೆ, 1912ರ ನವೆಂಬರ್‌ನಲ್ಲಿ, ವಿಶ್ವೇಶ್ವರಯ್ಯನವರು ಮೈಸೂರಿನ ದಿವಾನರಾದರು. ಆರು ವರ್ಷಗಳ ಆ ದಿವಾನಗಿರಿಯಲ್ಲಿ ನಡೆದ ಕೆಲಸಗಳ ಹೆಸರುಗಳೇ ಒಂದು ಪಟ್ಟಿಯಾದಾವು: 1913ರಲ್ಲಿ ಮೈಸೂರು ಬ್ಯಾಂಕು, 1915ರಲ್ಲಿ ಕನ್ನಡ ಸಾಹಿತ್ಯ ಪರಿಷತ್ತು, 1916ರಲ್ಲಿ ಮೈಸೂರು ವಿಶ್ವವಿದ್ಯಾಲಯ, ಭದ್ರಾವತಿಯ ಕಬ್ಬಿಣದ ಕಾರ್ಖಾನೆಗೆ ಬುನಾದಿ. ಇವೆಲ್ಲಕ್ಕಿಂತ ಆಳವಾಗಿ ಬೇರೂರಿದ್ದು ವಿದ್ಯಾಪ್ರಸಾರ. 1913ರ ಪ್ರಾಥಮಿಕ ಶಿಕ್ಷಣ ಶಾಸನದಿಂದ ಆಯ್ದ ಸ್ಥಳಗಳಲ್ಲಿ ಶಿಕ್ಷಣ ಕಡ್ಡಾಯವಾಯಿತು. ಹಳ್ಳಿಗಳಲ್ಲಿ ಶಾಲೆಗಳು ಹುಟ್ಟಿದುವು.

ಅಲ್ಲಿಯೂ ಕಾರ್ಯ ಕಾರಣವಾಗಿ ಹೊರಳಿತು. ಓದಿದ ಮಕ್ಕಳು ಉದ್ಯೋಗವನ್ನು ಅರಸುವುದು ಸಹಜ. ಅರಸಿದಾಗ ಕಚೇರಿಗಳ ಮೇಜುಗಳೆಲ್ಲ ಬಹುತೇಕ ಒಂದೇ ವರ್ಗದವರಿಂದ ತುಂಬಿರುವುದು ಕಾಣಿಸಿತು. ಮೈಸೂರು ಲಿಂಗಾಯತ ವಿದ್ಯಾಭಿವೃದ್ಧಿ ಸಂಸ್ಥೆ 1905ರಲ್ಲಿಯೂ, ಒಕ್ಕಲಿಗರ ಸಂಘ 1906ರಲ್ಲಿಯೂ ಹುಟ್ಟಿ ತಂತಮ್ಮ ಸಮಾಜದ ಮಕ್ಕಳ ವಿದ್ಯೆಗೆ ದುಡಿಯುತ್ತಿದ್ದುವು. 1917ರಲ್ಲಿ ಪ್ರಜಾಮಿತ್ರ ಮಂಡಳಿ ಸ್ಥಾಪಿತವಾಗಿ ಬ್ರಾಹ್ಮಣೇತರ ಸಮಾಜಗಳ ಅಹವಾಲನ್ನು ಮಹಾರಾಜರ ಮುಂದಿಟ್ಟಿತು. ಸರ್ಕಾರಿ ಕೆಲಸದಲ್ಲಿ ಹಿಂದುಳಿದವರಿಗೆ ಪಾಲು ಹೇಗೆ ದೊರಕಿಸಬೇಕೆಂದು ವಿಚಾರಿಸಲು 1918ರಲ್ಲಿ ಸರ್ ಲೆಸ್ಲಿ ಮಿಲ್ಲರ್ ಅವರ ಅಧ್ಯಕ್ಷತೆಯಲ್ಲಿ ಸಮಿತಿ ನೇಮಕವಾಯಿತು. ಯೋಗ್ಯತೆಯೊಂದೇ ಅಳತೆಗೋಲಾಗಬೇಕೆಂದು ನಂಬಿದ್ದ ದಿವಾನರಿಗೆ ಇದು ಸಮ್ಮತವಾಗಲಿಲ್ಲ. ದೊರೆಗೂ ದಿವಾನರಿಗೂ ಈ ವಿಷಯದಲ್ಲಿ ಮನಸ್ಸು ಕೂಡದೆ, 1918ರ ಕೊನೆಯಲ್ಲಿ ವಿಶ್ವೇಶ್ವರಯ್ಯನವರು ಅಧಿಕಾರದಿಂದ ಹೊರಬಂದರು. ಮರುವರ್ಷ ಸಮಿತಿಯ ವರದಿ ಬಂದಿತು, ಮೀಸಲಾತಿ ಜಾರಿಗೆ ಬಂದಿತು, ಅನೇಕ ಮನೆತನಗಳ ಮೊದಲ ಗುಮಾಸ್ತರು, ಮೊದಲ ಅಮಲ್ದಾರರು ಆ ಬಾಗಿಲಿನಿಂದಲೇ ಒಳಬಂದರು.

ಈ ಪ್ರಸಂಗವನ್ನು ಅಭಿಮಾನಿಗಳು ತೇಲಿಸಿ ಹೇಳುವುದುಂಟು, ವಿರೋಧಿಗಳು ಇದನ್ನೊಂದನ್ನೇ ಹಿಡಿದು ಮಿಕ್ಕ ಗುಣಗಳನ್ನೆಲ್ಲ ಅಳಿಸುವುದುಂಟು. ಎರಡೂ ನ್ಯಾಯವಲ್ಲ. ನಾಲೆಯ ಕೊನೆಯಂಚಿನ ರೈತನಿಗೆ ಮೇಲಿನವನ ಹೊಲದಿಂದ ನೀರು ತಾನಾಗಿ ಮುಟ್ಟುವುದಿಲ್ಲ, ಸರದಿ ಏರ್ಪಡಿಸಬೇಕು ಎಂದು ದಖ್ಖನ್ನಿನಲ್ಲಿ ಕಂಡುಕೊಂಡವರು ಅವರೇ. ಅದೇ ನ್ಯಾಯ ವಿದ್ಯೆ ಉದ್ಯೋಗಗಳ ನಾಲೆಗೂ ಸಲ್ಲುತ್ತದೆಂಬುದು ಅವರಿಗೆ ಏಕೆ ತೋರಲಿಲ್ಲವೋ! ಶಾಲೆಯ ಬಾಗಿಲು ತೆರೆದವರು ಅವರು. ಆ ಬಾಗಿಲಿನಿಂದ ಹೊರಟ ಮೆರವಣಿಗೆ ಅವರನ್ನು ದಾಟಿ ಮುಂದೆ ಹೋಯಿತು.

ದಿವಾನಗಿರಿ ಬಿಟ್ಟ ಮೇಲೂ ಅವರ ಕಾಯಕ ನಿಲ್ಲಲಿಲ್ಲ. ನಷ್ಟದ ಸುಳಿಯಲ್ಲಿದ್ದ ಭದ್ರಾವತಿ ಕಾರ್ಖಾನೆಯ ಹೊಣೆಯನ್ನು 1923ರಲ್ಲಿ ಹೊತ್ತು ಆರು ವರ್ಷ ನಡೆಸಿದರು. ಇತ್ತ ಕೃಷ್ಣರಾಜಸಾಗರದ ಗೋಡೆ ಏರುತ್ತ 1931ರ ಹೊತ್ತಿಗೆ ಮುಗಿಯಿತು. ವೈಸರಾಯ್ ಇರ್ವಿನ್ ಹೆಸರಿನ ನಾಲೆ, ಮುಂದೆ ವಿಶ್ವೇಶ್ವರಯ್ಯ ನಾಲೆಯೆಂದು ಹೆಸರಾದದ್ದು, ಪಾಂಡವಪುರದ ಸೀಮೆಯನ್ನು ಹಾದು ಹುಲಿಕೆರೆಯ ಬಳಿ ಗುಡ್ಡವನ್ನು ಸುರಂಗವಾಗಿ ಕೊರೆದು ಮಂಡ್ಯದ ಬಯಲಿಗೆ ಇಳಿಯಿತು. ರಾಗಿ, ಹುರುಳಿ, ಎಳ್ಳು ಬೆಳೆಯುತ್ತಿದ್ದ ಕೆಮ್ಮಣ್ಣಿನ ಹೊಲಗಳಲ್ಲಿ ನೀರು ನಿಂತಿತು. ಬತ್ತ, ಕಬ್ಬು, ಅರೆನೀರಾವರಿ ಬೆಳೆಗಳನ್ನು ಸರದಿಯ ಮೇಲೆ ಬೆಳೆಯುವ ಬ್ಲಾಕ್ ಪದ್ಧತಿ ಇಲ್ಲಿಗೂ ಬಂದಿತು.

ಕಬ್ಬು ಬೆಳೆದರೆ ಸಾಲದು, ಅರೆಯಲು ಗಾಣ ಬೇಕು. ಆಲೆಮನೆಗಳು ಹೊಗೆಯಾಡಿದುವಾದರೂ ಅಷ್ಟೊಂದು ಕಬ್ಬಿಗೆ ಅವು ಸಾಲವು. ಮೈಸೂರಿನ ಕೃಷಿ ಇಲಾಖೆಯ ನಿರ್ದೇಶಕರಾಗಿದ್ದ ಕೆನಡಾ ದೇಶದ ಡಾಕ್ಟರ್ ಲೆಸ್ಲಿ ಕೋಲ್ಮನ್, ಜರ್ಮನಿಯ ಗಾಟಿಂಗನ್ನಿನಲ್ಲಿ ವಿದ್ಯೆ ಕಲಿತು ಬಂದವರು, ಕಬ್ಬಿನ ಹೊಸ ತಳಿಗಳಿಗಾಗಿಯೂ ಕಾರ್ಖಾನೆಗಾಗಿಯೂ ದುಡಿದರು. ದಿವಾನ್ ಮಿರ್ಜಾ ಇಸ್ಮಾಯಿಲ್ ಅವರ ಕಾಲದಲ್ಲಿ, 1933ರಲ್ಲಿ, ಮೈಸೂರು ಸಕ್ಕರೆ ಕಂಪನಿ ಮಂಡ್ಯದಲ್ಲಿ ಸ್ಥಾಪಿತವಾಯಿತು. ಕಾರ್ಖಾನೆಯಿಂದ ಪೇಟೆ ಬೆಳೆಯಿತು, ಪೇಟೆಯಿಂದ ಊರು ಬೆಳೆಯಿತು, ಊರು ಬೆಳೆದುದರಿಂದ 1939ರ ಜುಲೈ 1ರಂದು ಮೈಸೂರು ಜಿಲ್ಲೆಯಿಂದ ಬೇರ್ಪಟ್ಟು ಮಂಡ್ಯ ಜಿಲ್ಲೆಯೇ ಹುಟ್ಟಿತು. ಫ್ರೆಂಚರ ಪಾಳೆಯದ ನೆನಪಿನಿಂದ ಫ್ರೆಂಚ್ ರಾಕ್ಸ್ ಎನಿಸಿಕೊಂಡಿದ್ದ ಹಿರೋಡೆ ಪಾಂಡವಪುರವಾಗಿ, 1959ರಲ್ಲಿ ಅಲ್ಲಿ ಸಹಕಾರಿ ಸಕ್ಕರೆ ಕಾರ್ಖಾನೆ ಸ್ಥಾಪನೆಯಾಯಿತು. ಚಿನ್ನದ ಗಣಿಯ ಯಂತ್ರದಿಂದ ಹೊರಟ ಮಾಲೆ ಸಕ್ಕರೆಯವರೆಗೆ ಬಂದು ಮುಟ್ಟಿದ ಬಗೆ ಇದು. ಮಮ್ಮಟನಿಗೆ ತಿಳಿದಿದ್ದರೆ ಉದಾಹರಣೆಯಾಗಿ ಕೊಟ್ಟಾನೆಂಬಷ್ಟು ಸಾಂಗವಾಗಿದೆ.

ಆದರೆ ಅದೇ ದಾರದಲ್ಲಿ ಮುಳ್ಳುಗಳೂ ಪೋಣಿಸಿಕೊಂಡುವು. ನಾಲೆಯ ನೀರು ಬಂದ ಮೊದಲ ವರ್ಷಗಳಲ್ಲಿ ತಗ್ಗಿನಲ್ಲಿ ನಿಂತ ನೀರಿನಿಂದ ಸೊಳ್ಳೆ, ಸೊಳ್ಳೆಯಿಂದ ಮಲೇರಿಯಾ ಹಬ್ಬಿ ಜನ ಬಹಳ ನರಳಿದರು. ಸಂಸ್ಥಾನದ ಆರೋಗ್ಯ ಇಲಾಖೆ ಅದರೊಡನೆ ಬಹುಕಾಲ ಹೋರಾಡಬೇಕಾಯಿತು. ಬ್ಲಾಕ್ ಪದ್ಧತಿ ಕಾಲಕ್ರಮದಲ್ಲಿ ಸಡಿಲವಾಯಿತು. ನೀರು ಕಣ್ಣೆದುರಿಗೆ ಹರಿಯುತ್ತಿರುವಾಗ ಬತ್ತ ಕಬ್ಬುಗಳ ಆಸೆಯನ್ನು ಅದುಮಿ ಸರದಿಗೆ ಕಾಯುವುದು ರೈತನಿಗೆ ಕಷ್ಟ. ಹೀಗಾಗಿ ಮೇಲಿನ ಗದ್ದೆಗಳು ಜೌಗಾದುವು, ಕೊನೆಯಂಚಿನ ಗದ್ದೆಗಳು ಒಣಗಿದುವು. ದಖ್ಖನ್ನಿನಲ್ಲಿ ಅವರು ಕಂಡಿದ್ದ ರೋಗವೇ ಅವರ ಹೆಸರಿನ ನಾಲೆಯ ಕೆಳಗೂ ಕಾಣಿಸಿಕೊಂಡಿತು. ಅತ್ತ ಕೆಳದಂಡೆಯಲ್ಲಿ 1924ರ ಒಪ್ಪಂದದ ಇನ್ನೊಂದು ಫಲವಾಗಿ ಮೇಟ್ಟೂರು ಜಲಾಶಯ 1934ರಲ್ಲಿ ಪೂರ್ಣವಾಯಿತು. ಎರಡು ಜಲಾಶಯ, ಒಂದೇ ಹೊಳೆ. 1990ರ ನ್ಯಾಯಮಂಡಳಿ, ಅದರ 2007ರ ಅಂತಿಮ ತೀರ್ಪು, 2018ರ ಸರ್ವೋಚ್ಚ ನ್ಯಾಯಾಲಯದ ತೀರ್ಪು, ಇವೆಲ್ಲ ಆ ಕೊಂಡಿಯಿಂದ ಹುಟ್ಟಿದ ಕೊಂಡಿಗಳೇ.

ವಿಶ್ವೇಶ್ವರಯ್ಯನವರ ಮುಪ್ಪು ದೀರ್ಘವಾಗಿತ್ತು, ಆದರೆ ಸೋಮಾರಿಯಾಗಿರಲಿಲ್ಲ. ಸಂಸಾರಸುಖ ಅವರ ಪಾಲಿಗೆ ಬರಲಿಲ್ಲ, ಮಕ್ಕಳಿರಲಿಲ್ಲ. 1934ರಲ್ಲಿ ಭಾರತದ ಯೋಜಿತ ಅರ್ಥವ್ಯವಸ್ಥೆಯ ಬಗೆಗೆ ಗ್ರಂಥ ಬರೆದರು. ದೇಶದ ನಾನಾ ಕಡೆಯ ಸರ್ಕಾರಗಳು ಅವರ ಸಲಹೆ ಬೇಡಿದುವು. ಮಡಿಕೆ ಕೆಡದ ಉಡುಪು, ಗಡಿಯಾರದ ಮುಳ್ಳು ತಪ್ಪದ ನಡೆ, ಅಳೆದು ಆಡುವ ಮಾತು ಕೊನೆಯವರೆಗೂ ಉಳಿದುವು. 1955ರಲ್ಲಿ ಭಾರತರತ್ನ ಪ್ರಶಸ್ತಿ ಸಂದಿತು. ನೂರು ವರ್ಷಗಳನ್ನು ದಾಟಿ, 1962ರ ಏಪ್ರಿಲ್ 14ರಂದು ಬೆಂಗಳೂರಿನಲ್ಲಿ ಕಾಲವಶರಾದರು. ಅಂತ್ಯಕ್ರಿಯೆ ಹುಟ್ಟೂರಾದ ಮುದ್ದೇನಹಳ್ಳಿಯಲ್ಲಿ ನಡೆಯಿತು.

ಅವರ ಕಣ್ಣಿಗೆ ಬೀಳದೆ ಹೋದ ಕೊಂಡಿಯೊಂದು ಇನ್ನೂ ಉಂಟು. ಕನ್ನಂಬಾಡಿಯ ನಾಲೆ ಹರಿಯುವುದು ಇಳಿಜಾರಿನ ಕಡೆಗೆ. ನಾಗಮಂಗಲ ಇರುವುದು ಎತ್ತರದ ನೆಲದಲ್ಲಿ. ಪಕ್ಕದ ತಾಲ್ಲೂಕುಗಳು ಹಸುರಾದಾಗ ಅಲ್ಲಿನ ಒಕ್ಕಲುಮಕ್ಕಳು ಮಳೆಯನ್ನೂ ಕೆರೆಯನ್ನೂ ನಂಬಿ ರಾಗಿ ಹುರುಳಿಯಲ್ಲಿಯೇ ಉಳಿದರು. ಕೃಷ್ಣರಾಜಪೇಟೆಯದೂ ಬಹುಭಾಗ ಇದೇ ಕಥೆ. ಹೊಳೆಯ ನೀರು ಅವರ ಗದ್ದೆಯನ್ನು ಮುಳುಗಿಸಲು ಬಂದಿತೇ ಹೊರತು ಬೆಳೆಸಲು ಬರಲಿಲ್ಲ. ಹಾಸನ ಜಿಲ್ಲೆಯ ಗೊರೂರಿನಲ್ಲಿ ಹೇಮಾವತಿಗೆ ಅಡ್ಡಲಾಗಿ ಕಟ್ಟಿದ ಅಣೆಕಟ್ಟು 1979ರಲ್ಲಿ ಪೂರ್ಣವಾದ ಮೇಲೆ ಅದರ ಎಡದಂಡೆ ನಾಲೆ ಕೃಷ್ಣರಾಜಪೇಟೆ, ನಾಗಮಂಗಲ, ಪಾಂಡವಪುರ ತಾಲ್ಲೂಕುಗಳ ಎತ್ತರದ ನೆಲದತ್ತ ಸಾಗಿತು. ಮುಂಚೆ ಆ ನೀರು ಅಕ್ಕಿಹೆಬ್ಬಾಳನ್ನು ದಾಟಿ ನೇರವಾಗಿ ಕೃಷ್ಣರಾಜಸಾಗರವನ್ನು ಸೇರುತ್ತಿತ್ತು. ಗೊರೂರಿನ ತೂಬು ನಾಲೆಗೆ ತೆರೆದಷ್ಟು ನೀರು ಇಂದು ಕನ್ನಂಬಾಡಿಯ ಒಳಹರಿವಿನ ಲೆಕ್ಕದಲ್ಲಿ ಕಡಿಮೆಯಾಗಿ ಬರೆಯಲ್ಪಡುತ್ತದೆ.